ಮೊದಲ ಸುತ್ತಿನ ಪಿನ್ನು

ನಮ್ಮ ಲೇಡೀಸ್ ಬೋಗಿಯಲ್ಲಿ ಪಿನ್ನಿಗೆ ಯಜಮಾನರಿಲ್ಲ. ಸೆರಗು ಜಾರಿದವರು, ಬ್ಲೌಸಿನ ಹುಕ್ಕು ಕಿತ್ತವರು, ಬ್ಯಾಗಿನ ಜಿಪ್ಪು ಕೈಕೊಟ್ಟವರು ಸುಮ್ಮನೆ ಕೈ ಚಾಚಿದರೆ ಸಾಕು, ಎದುರಿಗೆ ಕೂತ ಹೆಂಗಸು ತನ್ನ ಬಳೆಗೋ ತಾಳಿಯ ಸರಕ್ಕೋ ಸಿಕ್ಕಿಸಿಕೊಂಡ ಗೊಂಚಲಿನಿಂದ ಒಂದನ್ನು ಬಿಚ್ಚಿ ಕೊಡಬೇಕು. ಇಲ್ಲ ಅನ್ನುವ ಹಾಗಿಲ್ಲ. ವಾಪಸ್ ಕೇಳುವ ಹಾಗಂತೂ ಇಲ್ಲವೇ ಇಲ್ಲ. ನೀರು ಕೇಳಿದರೆ ಬಾಟಲಿ ಖಾಲಿ ಅನ್ನಬಹುದು, ಸೀಟು ಕೇಳಿದರೆ ಬೇರೆಯವರಿಗೆ ಹಿಡಿದಿದ್ದೀನಿ ಅನ್ನಬಹುದು, ಪಿನ್ನಿಗೆ ಮಾತ್ರ ಯಾವ ನೆಪವೂ ನಡೆಯುವುದಿಲ್ಲ.

ಈ ಕಾನೂನಿನಿಂದ ಊರಿಗೆಲ್ಲ ಅನುಕೂಲ, ನನಗೊಬ್ಬಳಿಗೆ ತಲೆನೋವು. ನಾನು ಟೇಕಲ್‌ನಲ್ಲಿ ಹತ್ತಿ ಬೆಂಗಳೂರು ಮುಟ್ಟುವವರೆಗೆ ಕ್ರೋಶಾ ಹಾಕುವವಳು. ದುಂಡಗೆ ಹೆಣೆಯುವಾಗ ಸುತ್ತು ಎಲ್ಲಿ ಶುರುವಾಯಿತು ಅನ್ನುವುದಕ್ಕೆ ಒಂದು ಪಿನ್ನು ಬೇಕು, ಎಲ್ಲೆಲ್ಲಿ ಒಂದರ ಜಾಗದಲ್ಲಿ ಎರಡು ಕುಣಿಕೆ ಹಾಕಬೇಕು ಅನ್ನುವುದಕ್ಕೆ ಆರು ಬೇಕು. ಹೀಗೆ ಏಳು ಪಿನ್ನು ನೇತಾಡುವ ಕೆಲಸವನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಬೋಗಿಯವರಿಗೆಲ್ಲ ನಾನು ಪಿನ್ನು ಹಂಚುವುದಕ್ಕೇ ಬಂದವಳು. ಒಮ್ಮೆ ಮುಳಬಾಗಿಲು ಕಡೆಯ ಹೆಂಗಸೊಬ್ಬರು "ಒಕ ಪಿನ್ನು ತೀಸುಕುಂಟಾನಮ್ಮಾ" ಅನ್ನುತ್ತಲೇ ಕಿತ್ತುಕೊಂಡು, ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳ ಲಂಗಕ್ಕೆ ಸಿಕ್ಕಿಸಿಯೂ ಆಗಿತ್ತು. ಅವರು ಕಿತ್ತದ್ದು ಸುತ್ತು ಶುರುವಾಗುವ ಜಾಗದ ಪಿನ್ನು. ವೈಟ್‌ಫೀಲ್ಡ್‌ವರೆಗೂ ಎಣಿಸಿದೆ. ಒಂದೊಂದು ಸಲ ಒಂದೊಂದು ಲೆಕ್ಕ ಬಂತು. ಕೊನೆಗೆ ಹಲ್ಲು ಕಚ್ಚಿಕೊಂಡು ನಾಲ್ಕು ಸುತ್ತು ಬಿಚ್ಚಿದೆ. ಅವರು ಇಳಿಯುವಾಗ ನಗುತ್ತಾ ಕೈ ಬೀಸಿದರು. ನಾನೂ ಬೀಸಿದೆ, ಇನ್ನೇನು ಮಾಡಲಿ.

ನನಗೆ ಕ್ರೋಶಾ ಕಲಿಸಿದ್ದು ಇದೇ ರೈಲಿಗೆ ಮಾಲೂರಿನಲ್ಲಿ ಹತ್ತುತ್ತಿದ್ದ ಅಕ್ಕ. ಸಂಬಂಧದಲ್ಲಿ ಏನೂ ಆಗಬೇಕಿಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಬೆಂಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆ, ಹಾಗಾಗಿ ಅಕ್ಕ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೊಡೆಯುತ್ತಿದ್ದೆ. ಒಂದು ದಿನ ತೋಳು ತಿವಿದು ಎಬ್ಬಿಸಿ, ಬಾಯಿ ಬಿಟ್ಕೊಂಡು ಮಲಗ್ತೀಯ, ನೋಡೋಕಾಗಲ್ಲ, ಇದನ್ನ ಹಿಡಿ ಅಂತ ಒಂದು ಕಡ್ಡಿಯನ್ನೂ ಒಂದು ಉಂಡೆ ನೂಲನ್ನೂ ಕೈಗಿಟ್ಟರು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಹಾಗೆಂದು ಬೈದವರೂ ಅಲ್ಲ. ನನ್ನದು ತಪ್ಪಾದರೆ ಪಕ್ಕಕ್ಕೆ ಬಗ್ಗಿ, ನೂಲಿನ ತುದಿಯನ್ನು ನನ್ನ ಬೆರಳಿಗೆ ಕೊಟ್ಟು, ಬಿಚ್ಚು ಅಂತ ಕಣ್ಣಲ್ಲೇ ಹೇಳುತ್ತಿದ್ದರು. ನಾನು ಎಷ್ಟು ಸಲ ತಪ್ಪಿದೆ ಅನ್ನುವುದು ಆ ಬೋಗಿಯಲ್ಲಿ ಅವರೊಬ್ಬರಿಗೇ ಗೊತ್ತು.

ಅವರ ಗುರುತಿನ ಪಿನ್ನುಗಳೆಲ್ಲ ತಾಳಿಯ ಸರದಿಂದಲೇ ಬರುತ್ತಿದ್ದವು, ಸಣ್ಣ ಕಬ್ಬಿಣದ ಪಿನ್ನುಗಳು. ಕೇಳಿದವರಿಗೆಲ್ಲ ಸರದಿಂದ ಬಿಚ್ಚಿ ಕೊಡುತ್ತಿದ್ದರು, ಕೆಲಸಕ್ಕೆ ಹಾಕಿದ್ದನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಮೊದಲ ದಿನವೇ ನನಗೆ ಹೇಳಿದ್ದರು, ಸುತ್ತು ಶುರುವಾಗೋ ಕಡೆ ಹಾಕಿರೋ ಪಿನ್ನನ್ನ ಗಂಡ ಕೇಳಿದ್ರೂ ಕೊಡಬೇಡ ಅಂತ. ನನ್ನ ಗಂಡ ಕೇಳುವುದು ಕಾಫಿ ಮಾತ್ರ, ಆದ್ದರಿಂದ ಆ ವಿಷಯದಲ್ಲಿ ತೊಂದರೆಯಾಗಲಿಲ್ಲ.

ತೊಂದರೆ ಶುರುವಾದದ್ದು ನನಗೆ ಪಿನ್ನು ಬೇಜಾರಾದ ಮೇಲೆ. ಸೇಫ್ಟಿ ಪಿನ್ನಿನ ಬುಡದ ಸುರುಳಿಗೆ ನೂಲು ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಹೋದರೆ ಎಳೆ ಬಿರಿಯುತ್ತದೆ. ತಲೆಯ ಕ್ಲಿಪ್ಪು ಹಾಕಿ ನೋಡಿದೆ, ರೈಲು ಕುಲುಕಿದಾಗೆಲ್ಲ ಜಾರಿ ಸೀಟಿನ ಸಂದಿಗೆ ಬಿತ್ತು. ಕಚೇರಿಯ ಪೇಪರ್ ಕ್ಲಿಪ್ಪು ಹಾಕಿದೆ, ಮಳೆಗಾಲದಲ್ಲಿ ಬಿಳಿ ನೂಲಿನ ಮೇಲೆ ತುಕ್ಕಿನ ಕಲೆ ಬಿಟ್ಟಿತು. ಬೇರೆ ಬಣ್ಣದ ನೂಲಿನ ತುಂಡು ಎಲ್ಲಕ್ಕಿಂತ ವಾಸಿ. ಆದರೆ ನಾನು ಮಾತಾಡುತ್ತಾ ಅದನ್ನೂ ಸೇರಿಸಿ ಹೆಣೆದುಬಿಡುತ್ತಿದ್ದೆ. ಆಮೇಲೆ ಆ ಕೆಂಪು ಎಳೆ ಬಿಳಿ ಟೋಪಿಯೊಳಗೆ ಖಾಯಂ.

ಕೊನೆಗೆ ಫೋನಿನಲ್ಲಿ ಚಿತ್ರ ನೋಡಿ ಮರುಳಾಗಿ ಸ್ಟಿಚ್ ಮಾರ್ಕರ್ ಅಂತಲೇ ಮಾರುವ ಬಣ್ಣದ ಉಂಗುರಗಳನ್ನು ತರಿಸಿದೆ. ಅವು ಬಾಯಿಲ್ಲದ ಉಂಗುರಗಳು. ಎರಡು ಕಡ್ಡಿಯಲ್ಲಿ ಸ್ವೆಟರ್ ಹಾಕುವವರು ಅವನ್ನು ಕಡ್ಡಿಗೆ ತೂರಿಸಿಕೊಳ್ಳುತ್ತಾರಂತೆ, ಅಲ್ಲಿಗೆ ಸರಿ. ಕ್ರೋಶಾದಲ್ಲಿ ಗುರುತನ್ನು ಕುಣಿಕೆಗೇ ಹಾಕಬೇಕು, ಮುಂದಿನ ಸುತ್ತು ಬಂದಾಗ ತೆಗೆದು ಮೇಲಕ್ಕೆ ಏರಿಸಬೇಕು. ಬಾಯಿಲ್ಲದ ಉಂಗುರ ಒಮ್ಮೆ ಒಳಗೆ ಹೋದರೆ ಹೊರಗೆ ಬರುವುದೇ ಇಲ್ಲ. ಐದು ಉಂಗುರ ಸಿಕ್ಕಿಸಿ ಸುತ್ತು ಮುಗಿಸಿದ ಮೇಲೆ ನನಗೆ ಇದು ಹೊಳೆಯಿತು. ಗಂಡ ತಂತಿ ಕತ್ತರಿಸುವ ಇಕ್ಕಳ ತಂದು ಒಂದೊಂದನ್ನೇ ಕತ್ತರಿಸಿ ತೆಗೆದರು. ಕತ್ತರಿಸುತ್ತಾ, ಇದಕ್ಕೆ ಯಾಕೆ ಮೂಗುತಿ ಚುಚ್ಚಿಸಿದೆ ಅಂತ ಎರಡು ಸಲ ಕೇಳಿದರು. ಎರಡನೆಯ ಸಲಕ್ಕೆ ನಾನು ಎದ್ದು ಅಡುಗೆಮನೆಗೆ ಹೋದೆ.

ಆಮೇಲೆ ತರಿಸಿದ್ದು ಸರಿಯಾದ ಸಾಮಾನು. ಪುಟ್ಟ ಬೀಗದ ಆಕಾರದ ಪ್ಲಾಸ್ಟಿಕ್ ಮಾರ್ಕರುಗಳು, ಒತ್ತಿದರೆ ತೆರೆಯುತ್ತವೆ, ಬಿಟ್ಟರೆ ಮುಚ್ಚಿಕೊಳ್ಳುತ್ತವೆ. ನೂಲು ಸಿಕ್ಕುವುದಿಲ್ಲ, ತುಕ್ಕಿಲ್ಲ, ಯಾರ ಸೀರೆಗೂ ಪ್ರಯೋಜನವಿಲ್ಲ. ನನ್ನ ಸಂತೋಷ ಹೇಳತೀರದು. ಸುತ್ತಿನ ಶುರುವಿಗೆ ಕೆಂಪು, ಕುಣಿಕೆ ಹೆಚ್ಚಿಸುವ ಕಡೆ ಹಳದಿ, ಇಪ್ಪತ್ತಿಪ್ಪತ್ತಕ್ಕೆ ಒಂದು ನೀಲಿ. ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು ಬೋಗಿಯವರಿಗೆಲ್ಲ ಪಾಠ ಮಾಡಿದೆ. ಆಗಿನ ನನ್ನನ್ನು ನೆನೆಸಿಕೊಂಡರೆ ನನಗೇ ಸಹಿಸುವುದಕ್ಕಾಗುವುದಿಲ್ಲ. ಅಕ್ಕ ಒಂದನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ, ಇದು ಬೆರಳಿಗೆ ಸಿಗಲ್ಲ ಕಣೇ ಅಂತ ಹಿಂದಕ್ಕೆ ಕೊಟ್ಟರು. ವಯಸ್ಸಾದವರಿಗೆ ಹೊಸದೇನು ಕೊಟ್ಟರೂ ಒಂದು ಕೊಂಕು ಅಂದುಕೊಂಡೆ.

ಆ ವರ್ಷ ಅಕ್ಕ ಒಂದು ದುಂಡು ಮೇಜಿನ ಬಟ್ಟೆ ಶುರು ಮಾಡಿದ್ದರು, ಸಣ್ಣ ಬಿಳಿ ನೂಲಿನದು. ಅಷ್ಟು ವರ್ಷ ಅವರು ಹಾಕಿದ್ದೆಲ್ಲ ಪರರ ಪಾಲಾಗಿತ್ತು. ನಮ್ಮ ಬೋಗಿಗೆ ಹುಟ್ಟಿದ ಸುದ್ದಿ ಬಂದ ಪ್ರತಿ ಮಗುವಿಗೂ ಅವರದೊಂದು ಟೋಪಿ, ಮದುವೆಯಾದ ಪ್ರತಿ ಹುಡುಗಿಗೂ ಒಂದು ತಟ್ಟೆಯ ಮುಚ್ಚುಬಟ್ಟೆ. ಬೇಸಿಗೆಗೆ ರಿಟೈರ್ ಆಗ್ತೀನಿ, ಇದೊಂದು ನನಗೆ ಅಂದಿದ್ದರು.

ದೀಪಾವಳಿ ರಜೆ ಮುಗಿಸಿ ಬಂದ ವಾರ ನೋಡುತ್ತೇನೆ, ಬಟ್ಟೆ ಸಪಾಟಾಗಿ ಕೂರದೆ ಕರಿದ ಹಪ್ಪಳದಂತೆ ಅಂಚಿನಲ್ಲಿ ಎದ್ದಿದೆ. ಎಲ್ಲೋ ಕುಣಿಕೆ ಹೆಚ್ಚಾಗಿದೆ ಅಂತ ನನಗೆ ತಕ್ಷಣ ಗೊತ್ತಾಯಿತು. ಗೊತ್ತಾದದ್ದನ್ನು ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಕೊಡಿ ಅಕ್ಕ ಅಂತ ಕೈಯಿಂದ ತೆಗೆದುಕೊಂಡು ಎಣಿಸಿದೆ. ತಪ್ಪು ಕಂಡ ಕಡೆಯೆಲ್ಲ ಒಂದೊಂದು ಕೆಂಪು ಮಾರ್ಕರ್ ಸಿಕ್ಕಿಸುತ್ತಾ ಹೋದೆ. ಬಾಯಲ್ಲಿ ವಿವರಣೆ ಬೇರೆ, ಇಲ್ಲಿ ನೋಡಿ ಎರಡರ ಬದಲು ಮೂರು ಹಾಕಿದ್ದೀರಿ, ಇಲ್ಲಿ ಸುತ್ತು ಮುಗಿಯುವ ಮೊದಲೇ ಹೊಸದು ಶುರುವಾಗಿದೆ ಅಂತ. ರೈಲಿನ ಸದ್ದಿಗೆ ಕೇಳಿಸಲಿ ಅಂತ ಗಟ್ಟಿಯಾಗಿಯೇ ಹೇಳಿದೆ. ಒಟ್ಟು ಹನ್ನೊಂದಾದವು. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ, ಆಂಟಿ, ಬಟ್ಟೆಗೆ ಅಮ್ಮ ಆಗಿದೆ ಅಂದಳು. ಕೆಂಪು ಬೊಕ್ಕೆ ಎದ್ದ ಹಾಗೆ ಕಾಣುತ್ತಿದ್ದದ್ದು ನಿಜ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಕ್ಕ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡರು. ಮಾರ್ಕರುಗಳನ್ನು ಒಂದೊಂದಾಗಿ ಬಿಚ್ಚಿದರು. ಅವುಗಳ ಬಾಯಿ ಎಲ್ಲಿದೆ ಅಂತ ಹುಡುಕುವುದಕ್ಕೆ ಅವರಿಗೆ ಹೊತ್ತು ಹಿಡಿಯುತ್ತಿತ್ತು, ನಾನು ತೆಗೆಯಲೇ ಅಂದರೆ ಬೇಡ ಅಂದರು. ಹನ್ನೊಂದನ್ನೂ ನನ್ನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, "ಸರಿ ಬಿಡು" ಅಂದು, ಬಟ್ಟೆಯನ್ನೂ ಕಡ್ಡಿಯನ್ನೂ ಊಟದ ಬ್ಯಾಗಿಗೆ ಹಾಕಿಕೊಂಡರು. ಮತ್ತೆ ಅವು ಹೊರಗೆ ಬರಲಿಲ್ಲ.

ಮೊದಲ ವಾರ ನನಗೆ ಅರ್ಥವಾಗಲಿಲ್ಲ, ಎರಡನೆಯ ವಾರ ಅರ್ಥವಾಗಿ ಸಿಟ್ಟು ಬಂತು. ನಾನೇನು ಸುಳ್ಳು ಹೇಳಿದೆನೇ? ಪಾತ್ರೆ ತೊಳೆಯುತ್ತಾ ಅವರೊಡನೆ ಮನಸ್ಸಿನಲ್ಲೇ ವಾದ ಮಾಡಿ ದಿನಾ ಗೆಲ್ಲುತ್ತಿದ್ದೆ. ಸಾರಿ ಅಂತ ಒಂದು ಮಾತು ಅಂದರೆ ಏನು ಗಂಟು ಹೋಗುತ್ತದೆ ಅಂತ ಗಂಡ ಕೇಳಿದರು. ತಪ್ಪಿದ್ದದ್ದು ಅವರ ಸುತ್ತಿನಲ್ಲಿ, ಸಾರಿ ಕೇಳಬೇಕಾದವಳು ನಾನೇ? ಅಕ್ಕ ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು. ಎಂದಿನ ಹಾಗೇ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಶ್ರೀನಿವಾಸಪುರದ ತಂಗಿಯ ಮನೆಯ ಮಾವಿನ ತೋಟದಲ್ಲಿ ಈ ಸಲ ಹೂವು ಹೇಗಿದೆ, ವಕ್ಕಲೇರಿಯ ಸೊಸೆಯ ಹಸು ಕರು ಹಾಕಿತೇ ಇಲ್ಲವೇ, ಎಲ್ಲ ಮಾತೂ ಇತ್ತು. ಎರಡು ಕೈ ಮಾತ್ರ ಮಡಿಲಲ್ಲಿ ಒಂದರ ಮೇಲೊಂದು ಸುಮ್ಮನೆ ಬಿದ್ದಿರುತ್ತಿದ್ದವು. ಆ ಕೈಗಳನ್ನು ನೋಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು, ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ.

ನಾನು ಮಾಡದ ಕಸರತ್ತಿಲ್ಲ. ಬೇಕೆಂದೇ ನನ್ನ ಕೆಲಸ ಕೆಡಿಸಿಕೊಂಡು, ಸ್ವಲ್ಪ ಹಾಕಿ ತೋರಿಸಿ ಅಕ್ಕ ಅಂದೆ. ಬಾಯಲ್ಲಿ ಹೇಳಿಕೊಟ್ಟರು, ಕಡ್ಡಿ ಮುಟ್ಟಲಿಲ್ಲ. ಒಳ್ಳೆಯ ನೂಲು ತಂದುಕೊಟ್ಟೆ, ಬಂಗಾರಪೇಟೆಯಿಂದ ಬರುವ ನರ್ಸಮ್ಮನಿಗೆ ದಾಟಿಸಿದರು. ಕೊನೆಗೆ ಬುದ್ಧಿ ಕೆಟ್ಟು ಹೊಸ ಮಾರ್ಕರುಗಳ ಒಂದು ಪೂರ್ತಿ ಡಬ್ಬಿಯನ್ನೇ ಉಡುಗೊರೆ ಕೊಟ್ಟೆ. ತೆಗೆದುಕೊಂಡರು, ಥ್ಯಾಂಕ್ಸ್ ಅಂದರು. ಮಾರನೆಯ ದಿನ ನೋಡಿದರೆ ಬೋಗಿಯಲ್ಲಿ ಯಾರ ದುಪಟ್ಟಾ ನೋಡಿದರೂ ನನ್ನ ಮಾರ್ಕರ್, ಯಾರ ಜಿಪ್ಪು ನೋಡಿದರೂ ನನ್ನ ಮಾರ್ಕರ್. ಹೂವಿನ ಬುಟ್ಟಿಯ ಮುದುಕಿಯೊಬ್ಬರು ಟಿಕೆಟ್ಟಿನ ಚೀಟಿಯನ್ನು ಸೆರಗಿಗೆ ಸಿಕ್ಕಿಸಿಕೊಂಡಿದ್ದರು. ಕೇಳಿದವರಿಗೆಲ್ಲ ಕೊಟ್ಟೆ ಅಂದರು ಅಕ್ಕ.

ಯುಗಾದಿಯೂ ಕಳೆಯಿತು. ಇನ್ನು ಕೆಲವೇ ವಾರ, ಆಮೇಲೆ ಅವರು ಈ ರೈಲು ಹತ್ತುವುದಿಲ್ಲ. ನನ್ನ ಕೈಗೆ ಕಡ್ಡಿ ಕೊಟ್ಟವರು ನನ್ನಿಂದಾಗಿ ತಮ್ಮ ಕಡ್ಡಿ ಕೆಳಗಿಟ್ಟು ಮನೆಗೆ ಹೋಗುತ್ತಾರೆ, ತಮಗೆಂದು ಶುರು ಮಾಡಿದ ಒಂದೇ ಒಂದು ಬಟ್ಟೆ ಹಾಗೇ ಉಳಿಯುತ್ತದೆ. ಅಷ್ಟು ಮಾತ್ರ ಆಗಬಾರದು ಅನ್ನಿಸಿತ್ತು. ಆಗದಂತೆ ಮಾಡುವುದು ಹೇಗೆ ಅಂತ ಗೊತ್ತಿರಲಿಲ್ಲ.

ಒಂದು ಶನಿವಾರ ದೇವನಗೊಂದಿಯ ಹತ್ತಿರ ಸಿಗ್ನಲ್ ಸಿಗದೆ ರೈಲು ನಿಂತಿತು. ಬೋಗಿಯಲ್ಲಿ ಜನ ಕಡಿಮೆ. ಅಕ್ಕ ತಾವಾಗಿಯೇ ಹೇಳಿದರು, ನಿನ್ನೆ ಕೋಲಾರಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದೆ, ಎರಡಕ್ಕೂ ಪೊರೆ, ರಿಟೈರ್ ಆದ ಮೇಲೆ ಆಪರೇಷನ್ ಅಂತೆ. ಯಾವಾಗಿನಿಂದ ಕಣ್ಣು ಮಂಜಾಗಿದೆ ಅಂದೆ. ಎರಡು ವರ್ಷ ಆಗಿರಬೇಕು ಅಂದರು. ಹಾಗಾದರೆ ಎರಡು ವರ್ಷದಿಂದ ಹೇಗೆ ಹಾಕ್ತಿದ್ರಿ ಅಂತ ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿದೆ. ಬೆರಳಲ್ಲಿ ಅಂದರು. ಬಿಳಿ ನೂಲು ಅವರಿಗೆ ಬರೀ ಬಿಳಿಯಾಗಿ ಕಾಣುತ್ತಿತ್ತಂತೆ. ಕಬ್ಬಿಣದ ಪಿನ್ನು ತಣ್ಣಗಿರುತ್ತದೆ, ಸ್ವಲ್ಪ ತೂಕವಿರುತ್ತದೆ, ಹೆಬ್ಬೆರಳು ಸವರಿದರೆ ಸಿಗುತ್ತದೆ. ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಎಣಿಸಿಕೊಂಡು ಹೋಗುತ್ತಿದ್ದರು. ಪ್ಲಾಸ್ಟಿಕ್ಕಿನದು ಬೆರಳಿಗೆ ನೂಲಿನ ಹಾಗೇ ಇರುತ್ತೆ ಕಣೇ, ಅದಕ್ಕೇ ಬೇಡ ಅಂದಿದ್ದು ಅಂದರು.

ಹಾಗಿದ್ದರೆ ಆ ಮೇಜಿನ ಬಟ್ಟೆ ಯಾಕೆ ಕೆಟ್ಟಿತು? ನನ್ನ ಬಾಯಿ ಆಗಲೂ ಸುಮ್ಮನಿರಲಿಲ್ಲ. ಅಕ್ಕ ಕಿಟಕಿಯಾಚೆ ನೋಡುತ್ತಾ, "ಶುರುವಿನ ಪಿನ್ನು ತೆಗೆದುಬಿಟ್ಟಿದ್ದೆ. ಯಾರಿಗೋ ಬೇಕಾಗಿತ್ತು, ಕೊಟ್ಟೆ. ಆಮೇಲೆ ಸುತ್ತು ಸಿಗಲಿಲ್ಲ" ಅಂದರು. ಸಿಗ್ನಲ್ ಬಿತ್ತು, ರೈಲು ಹೊರಟಿತು.

ಯಾರಿಗೆ ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ದೀಪಾವಳಿ ರಜೆಗೆ ಎರಡು ದಿನ ಮುಂಚೆ, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿಯಲು ಎದ್ದಾಗ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು. ಹಿಂದೆ ಜನ ತಳ್ಳುತ್ತಿದ್ದರು. ಅಕ್ಕ, ಒಂದು ಪಿನ್ನು ಅಂತ ನೋಡದೆಯೇ ಕೈ ಚಾಚಿದೆ. ಅವರು ಸರ ತಡವಿಕೊಂಡರು, ಹಬ್ಬದ ವಾರ ಹಂಚಿ ಹಂಚಿ ಅದರಲ್ಲಿ ಒಂದೂ ಉಳಿದಿರಲಿಲ್ಲ. ತಡವಾಗುತ್ತಿದೆ ಅಂತ ನಾನು, ಬೇಗ ಕೊಡಿ ಅಕ್ಕ ಅಂತ ರೇಗಿದೆ. ಒಂದು ಕ್ಷಣದ ಮೇಲೆ ಅಂಗೈಗೆ ಪಿನ್ನು ಬಿತ್ತು. ಎಲ್ಲಿಂದ ಬಂತು ಅಂತ ತಿರುಗಿಯೂ ನೋಡದೆ ಚಪ್ಪಲಿಗೆ ಚುಚ್ಚಿಕೊಂಡು ಇಳಿದು ಓಡಿದ್ದೆ. ನನಗೆ ಕೊಟ್ಟು ಕೆಟ್ಟ ಸುತ್ತಿಗೆ ನಾನೇ ಹನ್ನೊಂದು ಕೆಂಪು ಗುರುತು ಚುಚ್ಚಿ ಊರಿಗೆಲ್ಲ ತೋರಿಸಿದ್ದೆ.

ಇದಾದ ಮೇಲೂ ಬಾಯಿ ತೆರೆಯಲು ನನಗೆ ಮೂರು ವಾರ ಬೇಕಾಯಿತು. ಬೇಡದ ಕಡೆ ಹರಿಯುವ ನಾಲಿಗೆ ಬೇಕಾದಾಗ ಒಣಗಿ ಕೂತಿತ್ತು. ಅವರ ಕಡೆಯ ದಿನ ಸಂಜೆಯ ರೈಲಿನಲ್ಲಿ ಎಲ್ಲರಿಗೂ ಪೇಡ ಹಂಚಿ, ಕಚೇರಿಯವರು ಹಾಕಿದ ಹಾರವನ್ನು ಬ್ಯಾಗಿಗೆ ತುರುಕಿಕೊಂಡು ಪಕ್ಕದಲ್ಲಿ ಬಂದು ಕೂತರು. ವೈಟ್‌ಫೀಲ್ಡ್ ದಾಟಿತು. ಇನ್ನು ಮಾಲೂರು ಬಂದುಬಿಡುತ್ತದೆ ಅನ್ನುವ ಗಾಬರಿಗೆ ಹೇಳಿಬಿಟ್ಟೆ.

"ಅಕ್ಕ, ಆ ಪಿನ್ನು ಇಸ್ಕೊಂಡೋಳು ನಾನು."

"ಗೊತ್ತು ಕಣೇ. ನೀನು ಕೇಳ್ದೆ ಅಂತಾನೇ ಕೊಟ್ಟಿದ್ದು. ಬೇರೆಯವರಾಗಿದ್ರೆ ಕೊಡ್ತಿರಲಿಲ್ಲ."

"ಆವತ್ತೇ ಹೇಳಬಾರದಾಗಿತ್ತಾ? ಎಲ್ಲರೂ ನಗ್ತಿದ್ರು."

"ಹೇಳಿದ್ರೆ ಅವರು ನಿನ್ನ ನೋಡಿ ನಗೋರು. ಅದರಿಂದ ನನಗೇನು ಬರ್ತಿತ್ತು?"

ಸಾರಿ ಅಂದೆ. ಅಷ್ಟು ತಿಂಗಳು ಗಂಟಲಲ್ಲಿಟ್ಟುಕೊಂಡಿದ್ದ ಮಾತು ತೀರಾ ಸಣ್ಣದಾಗಿ ಹೊರಬಂತು. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಪೇಡದ ಖಾಲಿ ಡಬ್ಬಿಯನ್ನು ಮಡಿಸುತ್ತಿದ್ದರು. ಬಟ್ಟೆ ಏನಾಯ್ತು ಅಂದೆ. ಪೂರ್ತಿ ಬಿಚ್ಚಿ ಉಂಡೆ ಸುತ್ತಿಟ್ಟಿದ್ದೇನೆ, ಇನ್ನು ಸಾಕು ಬಿಡು ಅಂದರು. ಆಗ ನನಗೆ ರೇಗಿಹೋಯಿತು. ಕಣ್ಣಿಗೆ ನೀರು ಬಂದದ್ದೂ ಆ ಸಿಟ್ಟಿಗೇ. ಸಾಕು ಗೀಕು ಅನ್ನಬೇಡಿ, ನಾನು ಒಪ್ಪಲ್ಲ, ಹದಿನೈದು ವರ್ಷ ಎಲ್ಲರ ತಲೆಗೂ ಟೋಪಿ ಹಾಕಿ ಈಗ ನಿಮ್ಮದೊಂದಕ್ಕೆ ಸಾಕು ಅಂದರೆ ಏನರ್ಥ ಅಂತ ಕೂಗಾಡಿದೆ. ಎದುರಿನ ಸೀಟಿನವರು ಇತ್ತ ನೋಡಿದರು. ಅಕ್ಕ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದರು, ರೈಲು ನಿಧಾನವಾಗುತ್ತಿತ್ತು.

"ಭಾನುವಾರ ಬಾ. ನಾನು ಹಾಕ್ತೀನಿ, ನೀನು ಪಕ್ಕದಲ್ಲಿ ಕೂತು ಎಣಿಸು. ಬಾಯಿ ಮುಚ್ಕೊಂಡು ಎಣಿಸು."

ಹೋದೆ. ಅಂಗಳದ ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ಕೂತು ಶುರು ಮಾಡಿದರು. ಆರು ಕುಣಿಕೆ, ಹನ್ನೆರಡು, ಹದಿನೆಂಟು. ನಾಲ್ಕನೆಯ ಸುತ್ತಿನಲ್ಲಿ ಒಂದು ಕಡೆ ಎರಡರ ಬದಲು ಮೂರು ಬಿತ್ತು. ನನಗೆ ಕಂಡಿತು. ಅಕ್ಕ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಕೈ ಅವರ ಮಡಿಲ ಕಡೆ ಹೊರಟಿದ್ದನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಹಾಕಿಕೊಂಡೆ. ಅವರು ಮುಂದೆ ಹೋದರು, ಇನ್ನೊಂದು, ಮತ್ತೊಂದು. ನಾನು ಬಾಗಿಲ ಮೇಲಿನ ಮಾವಿನೆಲೆಗಳನ್ನು ಎಣಿಸಿದೆ. ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿದವಳಲ್ಲ.

ಮುಂದಿನ ಪಿನ್ನಿಗೆ ಬಂದು ಅವರ ಹೆಬ್ಬೆರಳು ನಿಂತಿತು. ಹಿಂದಿನ ಪಿನ್ನಿನವರೆಗೆ ಮೆಲ್ಲಗೆ ಹೋಗಿ, ಅಲ್ಲಿಂದ ಒಂದೊಂದೇ ಸವರಿಕೊಂಡು ಬಂತು. ಅಕ್ಕ ಕಡ್ಡಿ ಹೊರಗೆಳೆದು ಆ ಮೂರರವರೆಗೂ ಬಿಚ್ಚಿದರು, ಎರಡು ಹಾಕಿದರು, ಮುಂದಕ್ಕೆ ಹೆಣೆದರು.

ಕಂಡಿತ್ತಾ ಅಂತ ಕೇಳಿದರು, ಮುಖ ಎತ್ತದೆ.

ಕಂಡಿತ್ತು ಅಂದೆ.

ಸರಿ, ಮುಂದಿನದನ್ನ ಎಣಿಸು ಅಂದರು.